ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಕಾನೂನು ಅರಿವು ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಎಂದು ನಮ್ಮನ್ನು ಕರೆದಿದ್ದೀರಿ. ವಕೀಲರ ಮಾತು ಉದ್ದ ಎಂಬ ಅಪವಾದ ನಮಗೆ ಗೊತ್ತು. ಚಿಕ್ಕದಾಗಿಯೇ ಹೇಳುತ್ತೇವೆ.

ಎಪ್ಪತ್ತು ದಾಟಿದ ರೈತರೊಬ್ಬರು ಬೆಳೆಸಾಲಕ್ಕೆಂದು ಇಂಥದೇ ಒಂದು ಸಂಘಕ್ಕೆ ಹೋದರು. ಪಹಣಿ ತೆಗೆಸಿದರೆ ಅವರ ಹೆಸರೇ ಇಲ್ಲ! "ಅಪ್ಪಾ, ಒಂದು ಹೆಬ್ಬೆಟ್ಟು ಒತ್ತು" ಎಂದು ಮಗ ಕರೆದೊಯ್ದು ದಾನಪತ್ರ ರಿಜಿಸ್ಟರ್ ಮಾಡಿಸಿಕೊಂಡಿದ್ದ. ಈಗ ಅದೇ ಮನೇಲಿ ಅವರನ್ನು ಊಟಕ್ಕೆ ಕರೆಯೋರಿಲ್ಲ. ನಮ್ಮ ಹತ್ತಿರ ಬಂದು, "ಸ್ವಾಮಿ, ಕೊಟ್ಟಿದ್ದನ್ನ ವಾಪಸ್ ಕೇಳೋದು ಪಾಪ ಅಲ್ವಾ?" ಅಂದರು. ಪಾಪವಲ್ಲ. ಆದರೆ ಪತ್ರ ಓದಿ ನಮಗೇ ಕೈ ಕಟ್ಟಿದಂತಾಯಿತು. ತಂದೆಯನ್ನು ನೋಡಿಕೊಳ್ಳಬೇಕೆಂಬ ಒಂದಕ್ಷರವೂ ಅದರಲ್ಲಿರಲಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ 60 ವರ್ಷ ದಾಟಿದವರು ಆಸ್ತಿ ಕೊಟ್ಟು, ಪಡೆದವರು ಆ ಷರತ್ತಿಗೆ ತಪ್ಪಿದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ? 2022ರಲ್ಲಿ ಸುಪ್ರೀಂ ಕೋರ್ಟು, ಷರತ್ತು ಇತ್ತೆಂದು ತೋರಿಸದ ತಾಯಿಯೊಬ್ಬರಿಗೆ ಈ ಕಲಮಿನ ನೆರವು ಸಿಗದು ಎಂದಿತು. 2025ರ ಜನವರಿಯಲ್ಲಿ ಇನ್ನೊಬ್ಬ ತಾಯಿಗೆ ಅದೇ ಕೋರ್ಟು ಆಸ್ತಿ ವಾಪಸ್ ಕೊಡಿಸಿತು; ನೋಡಿಕೊಳ್ಳುವೆನೆಂದು ಮಗ ಬರೆದುಕೊಟ್ಟ ಕಾಗದ ಅಲ್ಲಿತ್ತು. ಎರಡಕ್ಕೂ ವ್ಯತ್ಯಾಸ ಇಷ್ಟೇ, ಒಂದು ಸಾಲು ಬರಹ.

ಆದ್ದರಿಂದ ಕೊಡಲೇಬೇಕಾದರೆ ಆ ಸಾಲನ್ನು ಪತ್ರದಲ್ಲೇ ಬರೆಸಿ. ಅದಕ್ಕಿಂತ ಮೇಲು, ಉಯಿಲು ಮಾಡಿ. ಉಯಿಲು ನಿಮ್ಮ ಕಾಲಾನಂತರ ಜಾರಿಗೆ ಬರುತ್ತೆ, ಬದುಕಿರೋವರೆಗೂ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟನ್ನೇ ಬರೆಯಲು ಬರುವುದು. ಹೆಣ್ಣುಮಕ್ಕಳಿಗೂ ಅಲ್ಲಿ ಸಮಪಾಲಿದೆ ಎಂಬುದು ನೆನಪಿರಲಿ.

ಷರತ್ತಿಲ್ಲದೆ ಕೊಟ್ಟು ಕೂತವರೂ ಎದೆಗುಂದಬೇಕಿಲ್ಲ. ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಉಳಿದೇ ಇರುತ್ತೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಲು ಅವಕಾಶವಿದೆ. ನೋಟಿಸು ಮುಟ್ಟಿದ 90 ದಿನದೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತೆ. ಆ ರೈತರಿಗೂ ಅಂಥ ಅರ್ಜಿ ಬರೆದುಕೊಟ್ಟಿದ್ದೇವೆ.

ತಾಯಂದಿರಿಗೆ ಒಂದು ಮಾತು. ಆಸ್ತಿ ತಕರಾರಿರಲಿ, ಗಂಡನ ಮನೆಯ ವ್ಯಾಜ್ಯವಿರಲಿ, ವಿಚ್ಛೇದನವಿರಲಿ, ಹೆಂಗಸರಿಗೆ ವರಮಾನ ಎಷ್ಟಿದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಸಂಕೋಚ ಬೇಡ.

ಮಕ್ಕಳೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಈ ಸಂಘದಲ್ಲಿ ಒಡಹುಟ್ಟಿದ ತಮ್ಮನಿಗೆ ಸಾಲ ಕೊಡುವಾಗಲೂ ಪತ್ರ ಬರೆಸಿ, ಜಾಮೀನು ಕೇಳುತ್ತೀರಿ. ಅದು ಅಪನಂಬಿಕೆಯಲ್ಲ, ಪದ್ಧತಿ. ಆ ಪದ್ಧತಿಯಿಂದಲೇ ಸಂಘ ಇಪ್ಪತ್ತೈದು ವರ್ಷ ಬಾಳಿದೆ. ಮನೆಯಲ್ಲೂ ಅದೇ ಪದ್ಧತಿ ಇರಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.