ಮರೆವೊಂದೇ ಅಲ್ಲ
(ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಈ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ಮೇಷ್ಟ್ರು ಉತ್ತರ ತಪ್ಪಿದರೂ ಹಂತಗಳು ಸರಿಯಿದ್ದರೆ ಅಂಕ ಕೊಡುತ್ತಿದ್ದರು. ಆ 'ಹಂತ'ದ ಬೆಲೆ ನನಗೆ ತಿಳಿದದ್ದು ನಮ್ಮಪ್ಪನಿಗೆ ಆಲ್ಝೈಮರ್ ಕಾಯಿಲೆ ಬಂದ ಮೇಲೆ.

ಅಪ್ಪ ಭತ್ತದ ಬೇಸಾಯಗಾರರು. ನಾಲೆಗೆ ನೀರು ಬಿಡುವ ಮೊದಲೇ ಬೀಜ, ಗೊಬ್ಬರ, ನಾಟಿಯ ಆಳು ಎಲ್ಲದರ ಲೆಕ್ಕವೂ ಅವರ ತಲೆಯಲ್ಲಿ ಇರುತ್ತಿತ್ತು. ಒಂದು ವರ್ಷ ಒಟ್ಲು ಬಿಡದೆಯೇ ನಾಟಿಗೆ ಆಳು ಕರೆದರು. ಬಂದವರು ನಕ್ಕರು, ನಾವು ರೇಗಿದೆವು. ಅಂಗಡಿಯಲ್ಲಿ ಐನೂರರ ನೋಟು ಕೊಟ್ಟು, ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯದೆ ಸುಮ್ಮನೆ ಬಂದರು. ಯಾರೋ ಚಾಚಿದ ಸಾಲದ ಪತ್ರಕ್ಕೆ ಹಿಂದುಮುಂದು ಕೇಳದೆ ರುಜು ಹಾಕಿದರು. ಆದರೆ ನಂಟರಿಷ್ಟರ ಹೆಸರು, ಹಳೆಯ ನಂಜನಗೂಡು ಜಾತ್ರೆಯ ಕಥೆ ಎಲ್ಲ ನೆನಪಿತ್ತು. ಹಾಗಾಗಿ 'ಇದು ಮರೆವಲ್ಲ, ಹಟ' ಎಂದುಕೊಂಡು ಎರಡು ವರ್ಷ ಬೈದೆವು. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದು, ಹೀಗೆ ಮಾಡಿದರೆ ಮುಂದೇನು ಎಂದು ತೂಗಿ ನೋಡುವುದು, ಇವುಗಳಲ್ಲಿ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಹೊಸ ಸಂಗತಿಗಳ ಮರೆವು ಮೊದಲು ಕಾಣುತ್ತದೆ. ಅದರ ಜೊತೆಗೇ, ಕೆಲವರಲ್ಲಿ ಅದಕ್ಕೂ ಮೊದಲೇ, ಈ ಜೋಡಣೆ ಸಡಿಲವಾಗುತ್ತದೆ. ಹಳೆಯ ನೆನಪು ಬಹುಕಾಲ ಉಳಿಯುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಇದನ್ನು ವಿವರಿಸಿದ್ದು 1906ರಲ್ಲಿ. ಇದು ಪೇಟೆಯವರ ಕಾಯಿಲೆ ಎನ್ನಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ತುಂಬಿದವರ ಮೇಲೆ ದೀರ್ಘಕಾಲದ ಅಧ್ಯಯನ ನಡೆಸುತ್ತಿದ್ದಾರೆ. ಅವರೂ ನಮ್ಮಂಥ ರೈತಾಪಿ ಜನರೇ.

ಮನೆಯ ಹಿರಿಯರಿಗೆ ದುಡ್ಡಿನ ಲೆಕ್ಕ ತಪ್ಪತೊಡಗಿದರೆ, ಜೀವಮಾನವೆಲ್ಲ ಮಾಡಿದ ಅಡುಗೆಯ ಕ್ರಮ ಕೆಟ್ಟರೆ ಬೈಯಬೇಡಿ, ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಹೀಗಾಗಬಹುದು. ಅವಕ್ಕೆ ಚಿಕಿತ್ಸೆ ಇದೆ. ಆಲ್ಝೈಮರ್ ವಾಸಿಮಾಡುವ ಔಷಧಿ ಇಲ್ಲ, ಆದರೆ ಕೆಲವರಿಗೆ ಕೆಲಕಾಲ ನೆರವಾಗುವ ಮಾತ್ರೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಜಮೀನು, ಬ್ಯಾಂಕಿನ ಕಾಗದಕ್ಕೆ ರುಜು ಹಾಕುವಾಗ ನಂಬಿಕಸ್ಥರೊಬ್ಬರು ಪಕ್ಕದಲ್ಲಿರಲಿ.

ಇನ್ನು ಮನೆಯಲ್ಲಿ ಮಾಡುವ ಕೆಲಸ. 'ಕೊಟ್ಟಿಗೆ ನೋಡಿಕೊಳ್ಳಿ' ಎಂದರೆ ಅಪ್ಪ ತಬ್ಬಿಬ್ಬಾಗುತ್ತಿದ್ದರು. 'ಹಸುವಿಗೆ ಹುಲ್ಲು ಹಾಕಿ' ಎಂದರೆ ಹಾಕುತ್ತಿದ್ದರು. ಅದು ಮುಗಿದ ಮೇಲೆ 'ನೀರಿಡಿ' ಎಂದರೆ ಇಡುತ್ತಿದ್ದರು. ಒಂದೊಂದೇ ಹಂತ, ನಮ್ಮ ಮೇಷ್ಟ್ರು ಹೇಳಿಕೊಟ್ಟ ಹಾಗೆ. ಕೆಲಸ ಮುಗಿಸಿ ಜಗಲಿಯ ಮೇಲೆ ಕೂತಾಗ ಅವರ ಮುಖದಲ್ಲಿ ಹಳೆಯ ಯಜಮಾನ ಕಾಣುತ್ತಿದ್ದ. ಎರಡು ವರ್ಷ ಮೊದಲೇ ನಾನಿದನ್ನು ಕಲಿಯಬೇಕಿತ್ತು. ನೀವು ತಡಮಾಡಬೇಡಿ.