ಕತ್ತಲಲ್ಲಿ ಹಂಚು ಹುಡುಕುವವರು



ರೊಟ್ಟಿ ಬಡಿದು ಮುಗಿಯಿತು, ಒಲೆ ಆರಿತು, ದೀಪವೂ ಹೋಯಿತು ಅನ್ನಿ. ಹಂಚು ಕಾಣುವುದಿಲ್ಲ. ಆದರೂ ಅಂಗೈ ಹತ್ತಿರ ಒಯ್ದರೆ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕಣ್ಣಿಗೆ ಬೀಳದೆ ಚರ್ಮಕ್ಕೆ ತಾಕುವ ಆ ಬೆಳಕೇ ಅವಗೆಂಪು, ಅಂದರೆ ಇನ್‌ಫ್ರಾರೆಡ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವ ಅವ್ವನಿಗೂ ಇದನ್ನು ಹೇಳಿಕೊಡಬೇಕಿಲ್ಲ.

ಖಗೋಳ ವಿಜ್ಞಾನಿಗಳು ಆಕಾಶದಲ್ಲಿ ಹುಡುಕುವ ಇಂಥ ಹಂಚಿಗೆ ಕಂದು ಕುಬ್ಜ ಎಂದು ಹೆಸರು. ನಕ್ಷತ್ರದ ಹಾಗೆಯೇ ಅನಿಲದ ಮೋಡ ಕುಸಿದು ಹುಟ್ಟುತ್ತದೆ. ತೂಕ ಮಾತ್ರ ಸಾಲದು. ಗುರುಗ್ರಹದ ಸುಮಾರು 75 ಪಟ್ಟು ದ್ರವ್ಯ ಕೂಡದಿದ್ದರೆ ಒಡಲಲ್ಲಿ ಜಲಜನಕದ ಒಲೆ ಹತ್ತಿಕೊಂಡು ನಿಲ್ಲುವುದಿಲ್ಲ. ಹುಟ್ಟುವಾಗಿನ ಬಿಸಿಯನ್ನೇ ಕೋಟ್ಯಂತರ ವರ್ಷ ಬಿಡುತ್ತಾ ಆರುತ್ತದೆ. ಇಂಥವು ಇರಬೇಕೆಂದು 1960ರ ದಶಕದ ಮೊದಲಲ್ಲೇ ಲೆಕ್ಕ ಹಾಕಿದವರು ಭಾರತ ಮೂಲದ ಶಿವ್ ಕುಮಾರ್. 1975ರಲ್ಲಿ ಹೆಸರಿಟ್ಟವರು ಜಿಲ್ ಟಾರ್ಟರ್. ಖಚಿತವಾಗಿ ಕೈಗೆ ಸಿಕ್ಕದ್ದು 1995ರಲ್ಲಿ. ಅಂದ ಹಾಗೆ, ಬಣ್ಣ ಕಂದಲ್ಲ. ಹೆಸರು ಹಾಗೇ ಅಂಟಿಕೊಂಡಿದೆ.

2009ರ ಡಿಸೆಂಬರಿನಲ್ಲಿ ನಾಸಾ ಹಾರಿಸಿದ ವೈಸ್ ದೂರದರ್ಶಕದ ಕನ್ನಡಿ 40 ಸೆಂಟಿಮೀಟರ್, ದೊಡ್ಡ ಹಂಚಿನಷ್ಟೇ ಅಗಲ. ದೂರದರ್ಶಕವೇ ಬೆಚ್ಚಗಿದ್ದರೆ ತನ್ನ ಬಿಸಿಯೇ ಅದಕ್ಕೆ ಅಡ್ಡ ಬರುತ್ತದೆ. ಅದಕ್ಕಾಗಿ ಹೆಪ್ಪುಗಟ್ಟಿದ ಜಲಜನಕ ತುಂಬಿ ತಂಪಾಗಿಟ್ಟಿದ್ದರು. ಇಡೀ ಆಕಾಶದ ಚಿತ್ರ ತೆಗೆದಾಗ ಸಿಕ್ಕ ಚುಕ್ಕೆಗಳು ಕೋಟಿಗಟ್ಟಲೆ. ಕುಬ್ಜವನ್ನು ಹೆಕ್ಕುವುದು ಹೇಗೆ? ತೀರ ತಣ್ಣಗಿನ ಕುಬ್ಜದಲ್ಲಿರುವ ಮೀಥೇನ್ ಅನಿಲ 3.4 ಮೈಕ್ರಾನ್ ತರಂಗಾಂತರದ ಸುತ್ತಿನ ಬೆಳಕನ್ನು ನುಂಗುತ್ತದೆ, 4.6ರದ್ದನ್ನು ಹಾದುಹೋಗಲು ಬಿಡುತ್ತದೆ. ಒಂದರಲ್ಲಿ ಮಂಕಾಗಿ ಇನ್ನೊಂದರಲ್ಲಿ ಹೊಳೆದರೆ ಅನುಮಾನ ಪಡಬೇಕು. ಜೊತೆಗೆ, ಹತ್ತಿರದ್ದಾದರೆ ವರ್ಷದೊಳಗೇ ಜಾಗ ಕದಲಿರುತ್ತದೆ.

ಹೀಗೆ ಕದಲುವುದನ್ನೇ ಹಿಡಿದು ಖಗೋಳ ವಿಜ್ಞಾನಿ ಕೆವಿನ್ ಲೂಮನ್ 2014ರಲ್ಲಿ ಒಂದು ಕುಬ್ಜವನ್ನು ಪ್ರಕಟಿಸಿದರು. ದೂರ 7 ಜ್ಯೋತಿರ್ವರ್ಷಕ್ಕೆ ತುಸು ಹೆಚ್ಚು. ಬಿಸಿಯೋ, ನಮ್ಮ ಮೇ ತಿಂಗಳ ಮಧ್ಯಾಹ್ನದ ಮುಂದೆ ಏನೇನೂ ಅಲ್ಲ! ತೂಕವೂ ಗುರುವಿನ ಹತ್ತು ಪಟ್ಟಿನೊಳಗೇ. ಇದನ್ನು ನಕ್ಷತ್ರದ ಬಳಗಕ್ಕೆ ಸೇರಿಸುವುದೆಂದರೆ ನನಗೆ ಸ್ವಲ್ಪ ದಾಕ್ಷಿಣ್ಯದ ಮಾತೆನಿಸುತ್ತದೆ.

ನೆಲದ ಮೇಲಿಂದ ನೋಡುವುದಾದರೆ, ಗಾಳಿಯಲ್ಲಿನ ನೀರಾವಿ ಅವಗೆಂಪನ್ನು ತಡೆಯುತ್ತದೆ. ಅದಕ್ಕೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಒಣಹವೆಯಲ್ಲಿ ನಿಲ್ಲಿಸಿದೆ. ಅದನ್ನು ನಡೆಸುವವರು ಕೂತಿರುವುದು ನಮ್ಮ ಹೊಸಕೋಟೆಯಲ್ಲಿ, ಉಪಗ್ರಹದ ಸಂಪರ್ಕದಿಂದ. ಕುಬ್ಜಗಳ ಮೋಡಗಳಲ್ಲಿ ಬೆಳಕು ಚದುರುವ ಬಗೆಯನ್ನು ಅದೇ ಸಂಸ್ಥೆಯ ಸುಜನ್ ಸೇನ್‌ಗುಪ್ತ ಲೆಕ್ಕ ಹಾಕಿದ್ದಾರೆ.

ವೈಸ್ ಚಿತ್ರಗಳನ್ನು ಜನಸಾಮಾನ್ಯರ ಮುಂದಿಡುವ ‘ಬ್ಯಾಕ್‌ಯಾರ್ಡ್ ವರ್ಲ್ಡ್ಸ್’ ಕೆಲಸ 2017ರಲ್ಲಿ ಶುರುವಾಯಿತು. ಸ್ವಯಂಸೇವಕರ ಕಣ್ಣಿನಿಂದಲೇ ಹತ್ತಿರದ 95 ತಣ್ಣನೆಯ ಕುಬ್ಜಗಳು ಸಿಕ್ಕವೆಂದು 2020ರಲ್ಲಿ ಪ್ರಕಟವಾಯಿತು. ಪದವಿ ಬೇಕಿಲ್ಲ, ಇಂಟರ್ನೆಟ್ ಇದ್ದರೆ ಸಾಕು. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಇವತ್ತೇ ಅವರ ಕಿವಿಗೆ ಈ ಮಾತು ಹಾಕಿ.