ರೆಕಾರ್ಡ್ ಮೇಲಿನ ಹೆಸರು ಯಾರದ್ದು?

ಬಾಬ್ ಮಾರ್ಲಿ ಮುಖ ಇರೋ ಟೀ ಶರ್ಟ್ ನಾವೆಲ್ಲ ನೋಡಿದ್ದೀವಿ. ಇವತ್ತು ನಾನು ಹೇಳೋದು ರೆಕಾರ್ಡಿನ ನಡುವೆ ಅಂಟಿಸಿರ್ತಾರಲ್ಲ, ಆ ದುಂಡನೆ ಕಾಗದದ ಕಥೆ. ಅದೇ ಲೇಬಲ್.

1950ರ ದಶಕ, ಜಮೈಕಾದ ಕಿಂಗ್‌ಸ್ಟನ್. ಬಯಲಲ್ಲಿ ಆಳೆತ್ತರದ ಸ್ಪೀಕರ್ ನಿಲ್ಲಿಸಿ, ಅಮೆರಿಕದ ರೆಕಾರ್ಡ್ ಹಾಕಿ ಜನ ಕುಣೀತಿದ್ರು. ಇದಕ್ಕೆ ಸೌಂಡ್ ಸಿಸ್ಟಮ್ ಅಂತಿದ್ರು. ಕ್ಲೆಮೆಂಟ್ ಡಾಡ್ ಅಮೆರಿಕಕ್ಕೆ ತೋಟದ ಕೆಲಸಕ್ಕೆ ಹೋದವರು, ಬರ್ತಾ ರೆಕಾರ್ಡ್ ತಂದ್ರು. ಎದುರಾಳಿಗೆ ಹಾಡು ಯಾವುದು ಅಂತ ಗೊತ್ತಾಗಬಾರದು ನೋಡಿ, ಅದಕ್ಕೆ ಲೇಬಲ್ಲನ್ನೇ ಕೆರೆದು ಹಾಕ್ತಿದ್ರು!

ಆಮೇಲೆ ಅಮೆರಿಕ ರಾಕ್ ಅಂಡ್ ರೋಲ್ ಕಡೆ ತಿರುಗ್ತು. ಇಲ್ಲಿನವರಿಗೆ ಬೇಕಾದ ಹಾಡು ಬರೋದು ಕಮ್ಮಿಯಾಯ್ತು. ಸರಿ, ನಾವೇ ಮಾಡೋಣ ಅಂತ ಹೊರಟರು. ಡ್ಯೂಕ್ ರೀಡ್ ತಮ್ಮ ಹೆಂಡದಂಗಡಿಯ ಮೇಲೇ ಟ್ರೆಷರ್ ಐಲ್ ಸ್ಟುಡಿಯೋ ಕಟ್ಟಿದ್ರು. ಲೆಸ್ಲಿ ಕಾಂಗ್ ಮನೆಯವರದ್ದು ಐಸ್‌ಕ್ರೀಮ್ ಅಂಗಡಿ; ಅಲ್ಲಿಂದ ಬೆವರ್ಲೀಸ್ ಲೇಬಲ್ ಹುಟ್ಟಿತು. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರೋಡಲ್ಲಿ ಸ್ಟುಡಿಯೋ ಒನ್ ತೆರೆದ್ರು. ದೊಡ್ಡ ಕಂಪನಿಯ ಅಪ್ಪಣೆಗೆ ಯಾರೂ ಕಾಯಲಿಲ್ಲ. ಹೊಸ ಹಾಡನ್ನ ಮೊದಲು ಡ್ಯಾನ್ಸಲ್ಲಿ ಹಾಕೋದು, ಜನ ಕುಣಿದರೆ ಅಚ್ಚು ಹಾಕಿಸೋದು. 1968ರಲ್ಲಿ ಟೂಟ್ಸ್ ಅಂಡ್ ದಿ ಮೇಟಲ್ಸ್ ಹಾಡಿನ ಹೆಸರಲ್ಲೇ 'ರೆಗೆ' ಅನ್ನೋ ಮಾತು ಬಂತು, ಅದೂ ಬೆವರ್ಲೀಸ್‌ನಿಂದಲೇ. ಅದೇ ವರ್ಷ ಲಂಡನ್ನಿನಲ್ಲಿ ಟ್ರೋಜನ್ ಲೇಬಲ್ ಶುರುವಾಯ್ತು. ಈ ಹಾಡುಗಳನ್ನ ಬ್ರಿಟನ್ ಮನೆಗಳಿಗೆ ಮುಟ್ಟಿಸಿದ ಅದರ ಸ್ಥಾಪಕ ಲೀ ಗೋಪ್ತಾಲ್, ಭಾರತೀಯ ಮೂಲದ ಜಮೈಕನ್.

ಆದ್ರೆ ಇನ್ನೊಂದು ಮುಖವೂ ಇದೆ. ಹಾಡಿದವರಿಗೆ ಸಾಮಾನ್ಯವಾಗಿ ಸಿಗ್ತಿದ್ದದ್ದು ಒಂದು ಸಲದ ಕೂಲಿ. ಹಾಡು ಎಷ್ಟೇ ಮಾರಾಟವಾದ್ರೂ ಹಕ್ಕು ಲೇಬಲ್ ಯಜಮಾನರದ್ದು. ಮಾರ್ಲಿಯವರ ವೇಲರ್ಸ್ ತಂಡ ಸ್ಟುಡಿಯೋ ಒನ್‌ಗೆ ಹಿಟ್ ಮೇಲೆ ಹಿಟ್ ಕೊಟ್ಟರೂ ಕೈಯಲ್ಲಿ ಕಾಸು ನಿಲ್ಲಲಿಲ್ಲ. 1966ರಲ್ಲಿ ಮಾರ್ಲಿ ಅಮೆರಿಕದ ಡೆಲವೇರ್‌ಗೆ ಹೋಗಿ ಕೆಲವು ತಿಂಗಳು ದುಡಿದು, ಉಳಿಸಿದ ದುಡ್ಡಲ್ಲಿ ವಾಪಸ್ ಬಂದು ಗೆಳೆಯರ ಜೊತೆ ವೇಲ್ ಎನ್ ಸೋಲ್ ಎಮ್ ಅನ್ನೋ ಸ್ವಂತ ಲೇಬಲ್ ಮಾಡಿದ್ರು. ಅದು ಬಹಳ ದಿನ ನಡೀಲಿಲ್ಲ. ಬಿಡಲಿಲ್ಲ, 1970ರಲ್ಲಿ ಟಫ್ ಗಾಂಗ್ ಶುರು ಮಾಡಿದ್ರು. ಆ ಹೆಸರು ಇವತ್ತಿಗೂ ಉಳಿದಿದೆ.

ಚಿಕ್ಕ ಲೇಬಲ್‌ಗಳು ಇಲ್ಲದಿದ್ದರೆ ರೆಗೆ ಇರ್ತಿರಲಿಲ್ಲ, ಇದು ನಿಜ. ಚಿಕ್ಕ ಯಜಮಾನನೂ ಯಜಮಾನನೇ, ಇದೂ ನಿಜ. ನಾವು ಬರೆಯೋ ಕೋಡ್ ನಮ್ಮದಲ್ಲ ಅಂತ ಆಫರ್ ಲೆಟರ್‌ಗೆ ಸಹಿ ಹಾಕಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ದುಡಿದ ದುಡ್ಡಲ್ಲಿ ಮಾರ್ಲಿ ಮೊದಲು ಕೊಂಡದ್ದು ತನ್ನ ಹಾಡಿನ ಮೇಲಿನ ಹಕ್ಕು.